ಎಂಬತ್ತು ಅನ್ನೋದು ಗಡಿ, ಗುರಿ ಅಲ್ಲ: ಮಂಡಿಗೆ ಗಾಡಿ ಹೊಡೆಯೋ ರೈತರಿಗೆ ಒಂದು ಲೆಕ್ಕ



ಈ ವಾರ ಬೀಜ, ಗೊಬ್ಬರ, ರೋಗದ ವಿಚಾರ ಅಲ್ಲ. ಬೆಳೆದ ಮಾಲು ಹೊಲದಿಂದ ಮಂಡಿ ಸೇರೋ ದಾರಿಯ ವಿಚಾರ. ಬಿತ್ತನೆಯಿಂದ ಕೊಯ್ಲಿನವರೆಗೆ ಆದ ಖರ್ಚನ್ನು ನಾವು ಪೈಸೆ ಬಿಡದೆ ಬರೆದಿಡ್ತೀವಿ. ಸಾಗಾಣಿಕೆ ಅಂದ ತಕ್ಷಣ ಮಾತ್ರ ‘ಡೀಸೆಲ್ ಇಷ್ಟು, ಟೋಲ್ ಇಷ್ಟು’ ಅಂತ ಒಂದೇ ಸಾಲಲ್ಲಿ ಮುಗಿಸಿಬಿಡ್ತೀವಿ. ಆ ಒಂದು ಸಾಲಿನೊಳಗೆ ಉಳಿಸಬಹುದಾದ ದುಡ್ಡೂ ಇದೆ, ಉಳಿಸಿಕೊಳ್ಳಬೇಕಾದ ಜೀವವೂ ಇದೆ. ಅದನ್ನು ನಾನು ಕಲಿತದ್ದು ಬಹಳ ತಡವಾಗಿ, ಬಹಳ ಬೆಲೆ ಕೊಟ್ಟು.

ನಮ್ಮದು ಹಿರಿಯೂರು ತಾಲ್ಲೂಕು. ಬೆಳೆ ಈರುಳ್ಳಿ. ಬೆಂಗಳೂರಿನ ಯಶವಂತಪುರ ಮಾರ್ಕೆಟ್ಟಿಗೆ ಸುಮಾರು 160 ಕಿ.ಮೀ. ಶಿರಾ, ಕಳ್ಳಂಬೆಳ್ಳ, ಸೀಬಿ, ತುಮಕೂರು, ದಾಬಸ್‌ಪೇಟೆ, ನೆಲಮಂಗಲ, ಈ ದಾರಿ ನನಗೆ ನಮ್ಮ ಹೊಲದ ಬದುವಿನಷ್ಟೇ ಪರಿಚಯ. ಸ್ವಂತ ಪಿಕಪ್ ಇದೆ. ನಮ್ಮ ಮಾಲಿನ ಜೊತೆ ಅಕ್ಕಪಕ್ಕದವರ ಮಾಲನ್ನೂ ಹಾಕಿಕೊಂಡು ಹೋಗ್ತೀವಿ.

ಆ ದಿನ ನಡೆದದ್ದು

2018ರ ಅಕ್ಟೋಬರ್. ಈರುಳ್ಳಿ ಕಿತ್ತು, ಕೊಯ್ದು, ಚೀಲ ಹೊಲೆಯೋ ಹೊತ್ತಿಗೆ ರಾತ್ರಿ ಹನ್ನೊಂದಾಗಿತ್ತು. ಎರಡು ಗಂಟೆ ಮಲಗಿ, ಮೂರೂವರೆಗೆ ಗಾಡಿ ಬಿಟ್ಟೆ. ಪಕ್ಕದಲ್ಲಿ ನನ್ನ ತಮ್ಮ. ಹಿಂದೆ 30 ಚೀಲ. ಮಾಲು ಬೇಗ ಇಳಿದರೆ ಮುಂದಿನ ಸಾಲಲ್ಲಿ ಜಾಗ ಸಿಗುತ್ತೆ, ಖರೀದಿದಾರರ ಕಣ್ಣಿಗೆ ಮೊದಲು ಬೀಳುತ್ತೆ ಅನ್ನೋ ಲೆಕ್ಕ. ಹೈವೇ ಹತ್ತಿದ ಮೇಲೆ ಮುಳ್ಳು 80ರಿಂದ ಇಳಿಯಲಿಲ್ಲ.

ಶಿರಾ ದಾಟಿ ಸ್ವಲ್ಪ ದೂರ. ಎದುರಿನ ಕಡೆಯಿಂದ ಬಸ್ಸಿನ ಲೈಟು ಕಣ್ಣಿಗೆ ಹೊಡೀತಿತ್ತು. ಬಸ್ಸು ದಾಟಿತು, ಮುಂದೆ ನೋಡಿದರೆ ಎಡಗಡೆ ಪಥದಲ್ಲೇ ಒಂದು ಟ್ರ್ಯಾಕ್ಟರ್ ಟ್ರೇಲರ್ ನಿಂತಿದೆ. ಕೊಂಡಿಯ ಪಿನ್ ಕಳಚಿಕೊಂಡಿತ್ತಂತೆ. ಹಿಂದೆ ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ, ಮೇಲೆಲ್ಲಾ ಜೋಳದ ಸೊಪ್ಪೆ. ನನಗೆ ಕಂಡಾಗ 55-60 ಮೀಟರ್ ಇದ್ದಿರಬಹುದು. ಬ್ರೇಕ್ ಒತ್ತಿದೆ, ಬಲಕ್ಕೆ ಎಳೆದೆ. ನನ್ನ ಕಡೆ ಪಾರಾಯ್ತು. ತಮ್ಮ ಕೂತಿದ್ದ ಎಡಗಡೆ ಹೋಗಿ ಟ್ರೇಲರಿನ ಮೂಲೆಗೆ ಬಡೀತು. ನಾನು ಸೀಟ್ ಬೆಲ್ಟ್ ಹಾಕಿದ್ದೆ, ಅವನು ಹಾಕಿರಲಿಲ್ಲ. ‘ಹಾಕ್ಕೊಳ್ಳೋ’ ಅಂತ ನಾನು ಹೇಳಿರಲೂ ಇಲ್ಲ.

ತೊಡೆ ಮೂಳೆ ಎರಡು ಕಡೆ ಮುರಿದಿತ್ತು. ತುಮಕೂರಿನಲ್ಲಿ ಆಪರೇಷನ್, ಒಳಗೆ ರಾಡು, ಆರು ತಿಂಗಳು ಮಂಚ. ಎರಡು ಎಮ್ಮೆ ಮಾರಿದ್ವಿ, ಸೊಸೈಟಿ ಸಾಲ ಕಟ್ಟೋದು ನಿಂತಿತು. ರಸ್ತೆ ಮೇಲೆ ಚೆಲ್ಲಿದ ಈರುಳ್ಳಿಯ ಲೆಕ್ಕ ಬಿಡಿ. ತಮ್ಮ ಇವತ್ತಿಗೂ ಕುಕ್ಕರುಗಾಲಲ್ಲಿ ಕೂತು ಕಳೆ ತೆಗೆಯೋಕೆ ಆಗಲ್ಲ. ನಡಿಗೆಯಲ್ಲಿ ಕುಂಟು ಉಳೀತು.

ಪೊಲೀಸರು ಸ್ಥಳಕ್ಕೆ ಬಂದಾಗ ನಾನು ಗಟ್ಟಿಯಾಗಿ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ: ‘ಸಾರ್, ನಾನು 80 ದಾಟಿರಲಿಲ್ಲ.’ ಅದು ನಿಜ. ಡಿವೈಡರ್ ಇರೋ ನಾಲ್ಕು ಪಥದ ರಸ್ತೆಯಲ್ಲಿ ಸರಕು ಗಾಡಿಗೆ 80ರವರೆಗೆ ಹೋಗಬಹುದು ಅಂತ ಅದೇ ವರ್ಷ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಅಧಿಸೂಚನೆ ಬಂದಿತ್ತು. ಕಾನೂನಿನ ಪ್ರಕಾರ ನನ್ನ ವೇಗ ತಪ್ಪಲ್ಲ. ಆದರೆ ಆಸ್ಪತ್ರೆ ವರಾಂಡದಲ್ಲಿ ಕೂತಾಗ ಆ ಮಾತು ನನಗೇ ನಾಚಿಕೆ ತರಿಸ್ತು. 80 ಅನ್ನೋದು ‘ಇದಕ್ಕಿಂತ ಮೇಲೆ ಹೋಗಬೇಡ’ ಅನ್ನೋ ಗಡಿ. ಕತ್ತಲು, ನಿದ್ದೆಗೆಟ್ಟ ಕಣ್ಣು, ಒಂದೂವರೆ ಟನ್ ಲೋಡು, ಇವೆಲ್ಲ ಇದ್ದಾಗಲೂ ಅಷ್ಟೇ ವೇಗದಲ್ಲಿ ಹೋಗು ಅಂತ ಯಾವ ಕಾನೂನೂ ಹೇಳಿಲ್ಲ. ನಾನು ಗಡಿಯನ್ನೇ ಗುರಿ ಮಾಡಿಕೊಂಡಿದ್ದೆ.

60ರಲ್ಲಿ ಇದ್ದಿದ್ದರೆ?

ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡೋ ನಮ್ಮೂರಿನ ಮೇಷ್ಟ್ರನ್ನು ಕೇಳಿದೆ. ಅವರು ಒಂದು ಹಾಳೆ ತಗೊಂಡು ಲೆಕ್ಕ ಹಾಕಿ ತೋರಿಸಿದರು. ನಿಮಗೂ ಹೇಳ್ತೀನಿ, ನಿಧಾನಕ್ಕೆ ಓದಿ.

ಗಾಡಿ ನಿಲ್ಲೋಕೆ ಎರಡು ಹಂತ. ಮೊದಲನೆಯದು, ಕಣ್ಣು ನೋಡಿ, ತಲೆಗೆ ಹೊಳೆದು, ಕಾಲು ಬ್ರೇಕಿಗೆ ಹೋಗೋವರೆಗಿನ ಸಮಯ. ಇದಕ್ಕೆ ಒಂದೂವರೆ ಸೆಕೆಂಡ್ ಹಿಡಿಯೋಣ. ಆ ಹೊತ್ತಿನಲ್ಲಿ ಗಾಡಿ ಒಂಚೂರೂ ನಿಧಾನ ಆಗಿರೋದಿಲ್ಲ. ಎರಡನೆಯದು, ಬ್ರೇಕ್ ಹಿಡಿದ ಮೇಲೆ ನಿಲ್ಲೋವರೆಗಿನ ದೂರ. ಒಣ ರಸ್ತೆ, ಒಳ್ಳೆ ಬ್ರೇಕು, ಲೋಡಾದ ಪಿಕಪ್ ಅಂತ ಇಟ್ಟುಕೊಂಡರೆ ಅಂದಾಜು ಹೀಗೆ ಬರುತ್ತೆ:

- 80 ಕಿ.ಮೀ. ವೇಗ: ಕಾಲು ಬ್ರೇಕಿಗೆ ಹೋಗೋದರೊಳಗೆ 33 ಮೀಟರ್, ಬ್ರೇಕ್ ಹಿಡಿದ ಮೇಲೆ 50 ಮೀಟರ್, ಒಟ್ಟು 83 ಮೀಟರ್.
- 60 ಕಿ.ಮೀ. ವೇಗ: 25 ಮೀಟರ್, ಆಮೇಲೆ 28 ಮೀಟರ್, ಒಟ್ಟು 53 ಮೀಟರ್.
- 50 ಕಿ.ಮೀ. ವೇಗ: 21 ಮೀಟರ್, ಆಮೇಲೆ 19 ಮೀಟರ್, ಒಟ್ಟು 40 ಮೀಟರ್.

ವೇಗ ಕಾಲು ಭಾಗ ಕಡಿಮೆ ಆದರೆ ನಿಲ್ಲೋ ದೂರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಡಿಮೆ ಆಯ್ತು. ಮೇಷ್ಟ್ರು ಕೊನೆಗೆ ಹೇಳಿದ್ದು ನನ್ನ ನಿದ್ದೆ ಕೆಡಿಸ್ತು. 60ರಲ್ಲಿ ಬಂದ ಗಾಡಿ 53 ಮೀಟರಿಗೆ ಪೂರ್ತಿ ನಿಂತಿರುತ್ತೆ. ಅದೇ ಜಾಗಕ್ಕೆ 80ರಲ್ಲಿ ಬಂದ ಗಾಡಿ ತಲುಪಿದಾಗ, ಬ್ರೇಕ್ ಒತ್ತಿಕೊಂಡಿದ್ದರೂ, ಇನ್ನೂ 60ರ ಮೇಲಿನ ವೇಗದಲ್ಲಿ ಇರುತ್ತೆ. ಅಂದರೆ ಒಬ್ಬ ಬೈಗುಳ ಬೈಕೊಂಡು ಗಾಡಿ ಇಳೀತಾನೆ, ಇನ್ನೊಬ್ಬ ಅದೇ ಟ್ರೇಲರಿಗೆ 60ರ ವೇಗದಲ್ಲಿ ಗುದ್ದುತಾನೆ.

ರಾತ್ರಿ ಹೊತ್ತು ಡಿಮ್ ಲೈಟಿನಲ್ಲಿ ನಮಗೆ ಸ್ಪಷ್ಟವಾಗಿ ಕಾಣೋದೇ ಹೆಚ್ಚುಕಡಿಮೆ 50-60 ಮೀಟರ್. ನಿಲ್ಲೋಕೆ 83 ಮೀಟರ್ ಬೇಕಾದ ವೇಗದಲ್ಲಿ, 60 ಮೀಟರ್ ಕಾಣೋ ಬೆಳಕಲ್ಲಿ ಹೋಗೋದು ಅಂದರೆ ಕಣ್ಣು ಮುಚ್ಚಿಕೊಂಡು ಹೋದ ಹಾಗೆ.

ಇದು ನನ್ನೊಬ್ಬನ ಕಥೆ ಅಲ್ಲ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ ಸತ್ತವರು 1,68,491 ಜನ. ಅದರಲ್ಲಿ ನೂರಕ್ಕೆ 71 ಸಾವು ಅತಿ ವೇಗದ ಲೆಕ್ಕಕ್ಕೆ ಸೇರಿದವು. ನನ್ನಂಥವರು, ಅಂದರೆ ಮಿತಿ ದಾಟದೇ ಆ ಹೊತ್ತಿಗೆ ಆ ರಸ್ತೆಗೆ ಹೆಚ್ಚಾದ ವೇಗದಲ್ಲಿ ಹೋದವರು, ಆ ಲೆಕ್ಕಕ್ಕೂ ಸೇರಿರ್ತಾರೋ ಇಲ್ಲವೋ.

ತಮ್ಮನ ಮಗನ ಜೊತೆ ಪಂದ್ಯ

ಈಗ ನಮ್ಮ ಗಾಡಿ ಹೊಡೆಯೋದು ಹೆಚ್ಚಾಗಿ ತಮ್ಮನ ಮಗ. ಹುಡುಗ ಚುರುಕು. ಹೊಸ ಪಿಕಪ್ ತಗೊಂಡ್ವಿ. ಈಗಿನ ಸರಕು ಗಾಡಿಗಳಿಗೆ 80ಕ್ಕೆ ಸ್ಪೀಡ್ ಗವರ್ನರ್ ಇರುತ್ತಲ್ಲ, ಇವನು ಹೈವೇ ಹತ್ತಿದರೆ ಗವರ್ನರ್ ತಡೆಯೋವರೆಗೂ ಆಕ್ಸಿಲರೇಟರ್ ಒತ್ತಿ ಹಿಡೀತಿದ್ದ. ನಾನು 55-60ರಲ್ಲಿ ಹೋದರೆ ಪಕ್ಕದಲ್ಲಿ ಕೂತು ಗೊಣಗೋನು.

‘ದೊಡ್ಡಪ್ಪ, ಹಿಂಗೆ ಹೋದ್ರೆ ನಮ್ಮನ್ನ ಎತ್ತಿನಗಾಡಿನೂ ಸೈಡ್ ಹೊಡ್ಕಂಡು ಹೋಗ್ತೈತೆ.’

‘ಹೋಗ್ಲಿ ಬಿಡಪ್ಪ, ಅದಕ್ಕೂ ದಾರಿ ಬೇಕಲ್ಲ’ ಅಂತಿದ್ದೆ.

ಅಪಘಾತದ ವಿಚಾರ ಎತ್ತಿದರೆ ಅವನು ಸುಮ್ಮನಾಗ್ತಿದ್ದ, ವೇಗ ಮಾತ್ರ ಕಡಿಮೆ ಆಗ್ತಿರಲಿಲ್ಲ. ವಯಸ್ಸಿನ ಹುಡುಗರಿಗೆ ಭಯದ ಮಾತು ಹತ್ತಲ್ಲ. ಅದಕ್ಕೆ ದುಡ್ಡಿನ ಮಾತು ಆಡಿದೆ. ‘ನೋಡಪ್ಪ, ಅದೇ ಗಾಡಿ, ಅದೇ 30 ಚೀಲ, ಅದೇ ಬಂಕು. ಎರಡು ಟ್ರಿಪ್ಪು ನೀನು ನಿನ್ನ ಥರ ಹೊಡಿ, ಎರಡು ಟ್ರಿಪ್ಪು ನಾನು ನನ್ನ ಥರ ಹೊಡೀತೀನಿ. ಡೀಸೆಲ್ ಅಳೆಯೋಣ’ ಅಂದೆ. ಒಪ್ಪಿದ.

ಹೋಗಿಬರೋದು ಸೇರಿ 320 ಕಿ.ಮೀ. ಅವನ ಟ್ರಿಪ್ಪಿಗೆ ಸರಾಸರಿ 29 ಲೀಟರ್ ಕುಡೀತು. ನನ್ನ ಟ್ರಿಪ್ಪಿಗೆ 24 ಲೀಟರ್. ಅವನದು ಲೀಟರಿಗೆ 11 ಕಿ.ಮೀ., ನನ್ನದು 13ರ ಮೇಲೆ. ಐದು ಲೀಟರ್ ವ್ಯತ್ಯಾಸ. ಲೀಟರಿಗೆ 90 ರೂಪಾಯಿ ಹಿಡಿದರೆ ಟ್ರಿಪ್ಪಿಗೆ 450 ರೂಪಾಯಿ.

ಸಮಯದ ಲೆಕ್ಕವನ್ನೂ ಬರೆದಿಟ್ಟೆವು. ಇಬ್ಬರೂ ರಾತ್ರಿ ಎರಡಕ್ಕೇ ಹೊರಟದ್ದು. ಅವನು ಮಾರ್ಕೆಟ್ ಮುಟ್ಟಿದ್ದು 4.35ಕ್ಕೆ, ನಾನು 5.05ಕ್ಕೆ. ಲೆಕ್ಕದ ಪ್ರಕಾರ ಇನ್ನೂ ಹೆಚ್ಚು ವ್ಯತ್ಯಾಸ ಬರಬೇಕಿತ್ತು. ಆದರೆ ಟೋಲು, ಹಂಪು, ನೆಲಮಂಗಲ ಆದಮೇಲಿನ ಲಾರಿ ಸಾಲು, ಇವು ಅವನಿಗೂ ಒಂದೇ, ನನಗೂ ಒಂದೇ. ಅವತ್ತು ಹರಾಜು ಶುರುವಾದದ್ದು ಎಂಟರ ಮೇಲೆ. ಅವನು ಉಳಿಸಿದ ಅರ್ಧ ಗಂಟೆಯನ್ನ ಟೀ ಅಂಗಡಿ ಮುಂದೆ ಫೋನ್ ನೋಡ್ತಾ ಕಳೆದ.

ಹೋಗಿಬರೋದಕ್ಕೆ ಒಂದು ಗಂಟೆ ಹೆಚ್ಚು ಹಿಡೀತು ಅಂತಲೇ ಇಟ್ಟುಕೊಳ್ಳಿ. ಆ ಒಂದು ಗಂಟೆಗೆ 450 ರೂಪಾಯಿ ಉಳೀತು. ಗಂಟೆಗೆ 450 ರೂಪಾಯಿ ಕೂಲಿ ಯಾವ ಹೊಲದಲ್ಲಿ ಸಿಗುತ್ತೆ ಹೇಳಿ? ಸೀಸನ್ನಿಗೆ ನಾವು 25 ಟ್ರಿಪ್ ಹೊಡೀತೀವಿ. 11,250 ರೂಪಾಯಿ. ಮುಂದಿನ ಬೆಳೆಯ ಗೊಬ್ಬರಕ್ಕೆ ದಾರಿ ಆಯ್ತು.

ನಿಮ್ಮ ಗಾಡಿಗೆ ಇದೇ ಅಂಕಿ ಬರಬೇಕೆಂದಿಲ್ಲ. ಗಾಡಿ, ಲೋಡು, ಏರು, ಗಾಳಿ ನೋಡಿಕೊಂಡು ಹೆಚ್ಚುಕಡಿಮೆ ಆಗುತ್ತೆ. ಅಳೆದು ನೋಡಿದರೆ ನಿಮಗೇ ಗೊತ್ತಾಗುತ್ತೆ.

ಡೀಸೆಲ್ ಯಾಕೆ ಉಳಿಯುತ್ತೆ?

ಕಾರಣ ಗಾಳಿ. ಗಾಡಿ ಮುಂದೆ ಹೋಗಬೇಕಾದರೆ ಎದುರಿನ ಗಾಳಿಯನ್ನು ತಳ್ಳಿಕೊಂಡು ಹೋಗಬೇಕು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. 80ರಿಂದ 60ಕ್ಕೆ ಇಳಿದರೆ ಗಾಳಿಯ ತಡೆ ಶೇಕಡಾ 44ರಷ್ಟು ಕಡಿಮೆ. ಚಕ್ರದ ಉಜ್ಜಾಟ, ಲೋಡಿನ ಭಾರ ಹಾಗೇ ಇರೋದರಿಂದ ಡೀಸೆಲ್ ಅಷ್ಟೇ ಪ್ರಮಾಣದಲ್ಲಿ ಉಳಿಯಲ್ಲ, ಆದರೂ ಕಣ್ಣಿಗೆ ಕಾಣೋಷ್ಟು ಉಳಿಯುತ್ತೆ. ಕಾರು ಗಾಳಿಯನ್ನ ಸೀಳಿಕೊಂಡು ಹೋಗೋ ಆಕಾರದಲ್ಲಿರುತ್ತೆ. ನಮ್ಮ ಪಿಕಪ್ಪು ಗೋಡೆ ಇದ್ದಂಗೆ. ಮೇಲೆ ಎತ್ತರಕ್ಕೆ ಚೀಲ, ಪಟಪಟ ಹೊಡ್ಕೊಳ್ಳೋ ಟಾರ್ಪಾಲು. ಅದಕ್ಕೇ ವೇಗದ ದಂಡ ನಮಗೇ ಜಾಸ್ತಿ.

ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘದವರು, ಅಂದರೆ ಪಿಸಿಆರ್‌ಎ, ಬಹಳ ವರ್ಷದಿಂದ ಹೇಳ್ತಿರೋದೂ ಇದನ್ನೇ: ಗಂಟೆಗೆ 45ರಿಂದ 55 ಕಿ.ಮೀ. ವೇಗದಲ್ಲಿ ಇಂಧನ ಹೆಚ್ಚು ಉಳಿಯುತ್ತದೆ. ಹಾಗಂತ ಟಾಪ್ ಗೇರಿನಲ್ಲಿ 30ಕ್ಕೆ ಇಳಿಸಿ ಎಂಜಿನ್ ಗುದ್ದಾಡಿಸಿದರೆ ಉಳಿಯಲ್ಲ, ಎಂಜಿನ್ನಿಗೂ ಕೆಟ್ಟದ್ದು. ವೇಗಕ್ಕೆ ತಕ್ಕ ಗೇರು, ಏರಿಳಿತ ಇಲ್ಲದ ಒಂದೇ ಓಟ, ಇದು ಮುಖ್ಯ.

ನಿಧಾನ ಹೋಗೋದಕ್ಕೂ ಕ್ರಮ ಇದೆ

ಇದನ್ನ ಓದಿ ನಾಳೆಯಿಂದ ಬಲಗಡೆ ಪಥದಲ್ಲಿ 50ರಲ್ಲಿ ಹೋಗಬೇಡಿ. ಅದು ವೇಗವಾಗಿ ಹೋಗೋದಕ್ಕಿಂತ ಅಪಾಯ. ಹಿಂದಿನವರು ಎಡಗಡೆಯಿಂದ ನುಗ್ತಾರೆ, ಅಲ್ಲಿಂದಲೇ ಅನಾಹುತ ಶುರು. ನಾನು ಪಾಲಿಸೋ ಕ್ರಮ ಹೀಗಿದೆ:

1. ಎಡ ಪಥವೇ ನಮ್ಮ ಪಥ. ಬಲಗಡೆ ಪಥ ಓವರ್‌ಟೇಕ್ ಮಾಡೋಕೆ ಮಾತ್ರ. ಮಾಡಿದ ತಕ್ಷಣ ಎಡಕ್ಕೆ ವಾಪಸ್.

2. ಹಗಲು, ಒಣ ರಸ್ತೆ ಇದ್ದರೆ 55-60. ರಾತ್ರಿ, ಮಳೆ, ಮಂಜು ಇದ್ದರೆ ಇನ್ನೂ ಕಡಿಮೆ. ಒದ್ದೆ ರಸ್ತೆಯಲ್ಲಿ ನಿಲ್ಲೋ ದೂರ ಬಹಳ ಹೆಚ್ಚಾಗುತ್ತೆ. ಬೆಳಕು ಬೀಳೋ ದೂರದೊಳಗೆ ಗಾಡಿ ನಿಲ್ಲಬೇಕು, ಅದೇ ಅಳತೆ. ಡಿವೈಡರ್ ಇಲ್ಲದ ರಸ್ತೆಯಲ್ಲಿ ಸರಕು ಗಾಡಿಗೆ ಮಿತಿಯೇ 60 ಅನ್ನೋದು ನೆನಪಿರಲಿ. ಕೆಲವು ಕಡೆ ಬೋರ್ಡಿನಲ್ಲಿ ಅದಕ್ಕಿಂತ ಕಡಿಮೆ ಬರೆದಿರುತ್ತೆ, ಅಲ್ಲಿ ಬೋರ್ಡೇ ಕಾನೂನು.

3. ಮೂರು ಸೆಕೆಂಡಿನ ಅಂತರ. ಮುಂದಿನ ಗಾಡಿ ಒಂದು ಕಂಬ ದಾಟಿದಾಗ ‘ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು’ ಅಂತ ಎಣಿಸಿ. ಎಣಿಸಿ ಮುಗಿಯೋದರೊಳಗೆ ನೀವು ಆ ಕಂಬ ದಾಟಿದರೆ ತೀರಾ ಹತ್ತಿರ ಇದ್ದೀರಿ. ಲೋಡ್ ಇದ್ದರೆ ನಾಲ್ಕು ಎಣಿಸಿ.

4. ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡವೇ ಬೇಡ. ಡೀಸೆಲ್ ಉಳಿಯುತ್ತೆ ಅಂತ ಬಹಳ ಜನ ಮಾಡ್ತಾರೆ. ಅದು ಸುಳ್ಳು ಲೆಕ್ಕ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಈಗಿನ ಎಂಜಿನ್ನುಗಳು ಡೀಸೆಲ್ ಬಿಡೋದನ್ನೇ ನಿಲ್ಲಿಸ್ತವೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಓಡ್ತಾ ಇರೋಕೆ ಡೀಸೆಲ್ ಬೇಕೇ ಬೇಕು. ಮೇಲಾಗಿ ಎಂಜಿನ್ನಿನ ಹಿಡಿತ ತಪ್ಪಿ, ಪೂರಾ ಭಾರ ಬ್ರೇಕಿನ ಮೇಲೆ ಬಿದ್ದು ಅದು ಕಾಯುತ್ತೆ.

5. ಟೈರಿನ ಗಾಳಿ ಹೊರಡೋ ಮುಂಚೆ ನೋಡಿ. ಟೈರು ತಣ್ಣಗಿದ್ದಾಗ, ಲೋಡಿಗೆ ಕಂಪನಿ ಹೇಳಿದಷ್ಟು. ಗಾಳಿ ಕಡಿಮೆ ಇದ್ದರೆ ಡೀಸೆಲ್ ಹೆಚ್ಚು ಕುಡಿಯುತ್ತೆ, ಟೈರು ಕಾದು ಬರ್ಸ್ಟ್ ಆಗೋ ಅಪಾಯವೂ ಹೆಚ್ಚು. ಬೇಸಿಗೆಯಲ್ಲಿ ಇದು ಇನ್ನೂ ಮುಖ್ಯ.

6. ಟಾರ್ಪಾಲು ಬಿಗಿಯಾಗಿ ಕಟ್ಟಿ, ಲೋಡು ಮಿತಿಯೊಳಗೆ ಇರಲಿ. ನಾಲ್ಕು ಚೀಲ ಹೆಚ್ಚು ಹಾಕಿ ಉಳಿಸಿದ್ದು ಒಂದೇ ದಂಡಕ್ಕೆ ಹೋಗುತ್ತೆ. 2019ರ ತಿದ್ದುಪಡಿ ಆದಮೇಲೆ ಓವರ್‌ಲೋಡಿಗೆ ಕಾಯ್ದೆಯಲ್ಲಿರೋ ದಂಡ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ ಇನ್ನೂ 2,000.

7. ಬೆಲ್ಟ್ ಇಬ್ಬರಿಗೂ. ಪಕ್ಕದಲ್ಲಿ ಕೂತವರು ಹಾಕಿಕೊಳ್ಳೋವರೆಗೂ ಗಾಡಿ ಸ್ಟಾರ್ಟ್ ಮಾಡಬೇಡಿ. ಈ ಒಂದು ವಿಚಾರದಲ್ಲಿ ನಾನು ಯಾರ ಮಾತೂ ಕೇಳಲ್ಲ.

8. ಅರ್ಧ ಗಂಟೆ ಮುಂಚೆ ಹೊರಡಿ. ವೇಗದ ಮೂಲ ಇರೋದು ತಡವಾಗಿ ಹೊರಡೋದರಲ್ಲಿ. ಸಂಜೆ ಐದಕ್ಕೇ ಲೋಡಿಂಗ್ ಮುಗಿಸಿ ಮಲಗಿ. ಕಣ್ಣು ಎಳೆದರೆ ಬಂಕಿನಲ್ಲೋ ಡಾಬಾದಲ್ಲೋ ರಸ್ತೆ ಬಿಟ್ಟು ನಿಲ್ಲಿಸಿ ಹತ್ತು ನಿಮಿಷ ಮಲಗಿ.

ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ಒಂದು ಮಾತು

ಅವತ್ತು ಟ್ರೇಲರ್ ನಿಲ್ಲಿಸಿದ್ದವನೂ ನಮ್ಮಂಥ ರೈತನೇ. ಅಪಘಾತ ಆದಮೇಲೆ ತಮ್ಮನನ್ನು ಹೊರಗೆ ಎಳೆಯೋಕೆ ಮೊದಲು ಓಡಿ ಬಂದವನು ಅವನೇ. ಅಳ್ತಾ ಇದ್ದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಟ್ರೇಲರ್ ಹಿಂದೆ ಎರಡು ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿದ್ದರೆ ನನಗೆ ಇನ್ನೂ ದೂರದಿಂದಲೇ ಹೊಳೆದು ಕಾಣಿಸ್ತಿತ್ತು. ಆ ಪಟ್ಟಿಗೆ ಆಗೋ ಖರ್ಚು ಒಂದು ಚೀಲ ಗೊಬ್ಬರದಷ್ಟೂ ಇಲ್ಲ. ಹಿಂದೆ ಅಂಟಿಸಿ, ಪಕ್ಕಕ್ಕೂ ಅಂಟಿಸಿ, ಸೊಪ್ಪೆ ಹುಲ್ಲು ಹೇರಿದಾಗ ಅದು ಮುಚ್ಚಿ ಹೋಗದಂಗೆ ನೋಡಿಕೊಳ್ಳಿ. ರಾತ್ರಿ ಹೊತ್ತು ಹೈವೇ ಹತ್ತೋದನ್ನ ಆದಷ್ಟು ಬಿಡಿ, ಸರ್ವಿಸ್ ರಸ್ತೆ ಇದ್ದರೆ ಅದರಲ್ಲೇ ಹೋಗಿ. ಕೆಟ್ಟು ನಿಂತರೆ ಹಿಂದೆ ಸಾಕಷ್ಟು ದೂರದಲ್ಲಿ ಕಾಣೋ ಗುರುತು ಇಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033, ತುರ್ತು ಇದ್ದರೆ 112, ಈ ಎರಡು ನಂಬರ್ ಫೋನಿನಲ್ಲಿ ಹಾಕಿಟ್ಟುಕೊಳ್ಳಿ. ಗಾಯಗೊಂಡವರಿಗೆ ಸಹಾಯ ಮಾಡಿದರೆ ಕೇಸು ಮೈಮೇಲೆ ಬರುತ್ತೆ ಅಂತ ಹೆದರಬೇಡಿ. ಸಹಾಯ ಮಾಡಿದವರಿಗೆ ಕಾಯ್ದೆಯಲ್ಲೇ ರಕ್ಷಣೆ ಇದೆ.

ನೀವೇ ಅಳೆದು ನೋಡಿ

ಮೈಲೇಜ್ ಅಳೆಯೋದು ಸುಲಭ. ಒಂದು ಬಂಕಿನಲ್ಲಿ ಪೈಪು ತಾನಾಗಿ ನಿಲ್ಲೋವರೆಗೆ ಫುಲ್ ಟ್ಯಾಂಕ್ ಮಾಡಿಸಿ, ಮೀಟರ್ ಓದಿ ಬರೆದುಕೊಳ್ಳಿ. ಮಂಡಿಗೆ ಹೋಗಿ ಬಂದು ಅದೇ ಬಂಕಿನಲ್ಲಿ, ಅದೇ ಥರ ಮತ್ತೆ ಫುಲ್ ಮಾಡಿಸಿ. ಓಡಿದ ಕಿ.ಮೀ.ಯನ್ನು ಎರಡನೇ ಸಲ ಹಾಕಿಸಿದ ಲೀಟರಿನಿಂದ ಭಾಗಿಸಿ. ನಿಮ್ಮ ಮಾಮೂಲಿ ವೇಗದಲ್ಲಿ ಎರಡು ಟ್ರಿಪ್, 60ರೊಳಗೆ ಎರಡು ಟ್ರಿಪ್. ಹೊರಟ ಹೊತ್ತು, ಮುಟ್ಟಿದ ಹೊತ್ತು, ಹರಾಜು ಶುರುವಾದ ಹೊತ್ತು, ಮೂರನ್ನೂ ಬರೆಯಿರಿ. ಪುಸ್ತಕವೇ ನಿಮಗೆ ಉತ್ತರ ಹೇಳುತ್ತೆ.

ತಮ್ಮನ ಮಗ ಈಗ 60ರ ಒಳಗೇ ಹೋಗ್ತಾನೆ. ಕೇಳಿದರೆ ‘ಡೀಸೆಲ್ ಉಳೀತೈತಲ್ಲ ದೊಡ್ಡಪ್ಪ, ಅದಕ್ಕೆ’ ಅಂತಾನೆ. ಇರಲಿ, ಕಾರಣ ಯಾವುದಾದರೂ ಆಗಲಿ. ಅವನು ಗಾಡಿ ಬಿಡೋ ರಾತ್ರಿ ಅವರಪ್ಪ ಕೋಲು ಊರಿಕೊಂಡು ಬಂದು, ಬಾಗಿಲು ಹಾಕೋ ಮುಂಚೆ ಬೆಲ್ಟ್ ಬಿಗಿ ಇದೆಯಾ ಅಂತ ಒಂದು ಸಲ ಎಳೆದು ನೋಡ್ತಾನೆ. ಏನೂ ಮಾತಾಡಲ್ಲ. ಬೆಳಿಗ್ಗೆ ಐದಕ್ಕೆ ‘ಮುಟ್ಟಿದೆ’ ಅಂತ ಫೋನ್ ಬರೋವರೆಗೂ ನಮ್ಮ ಮನೆಯಲ್ಲಿ ಇಬ್ಬರು ಎದ್ದೇ ಇರ್ತೀವಿ.

ನಿಮ್ಮ ಮನೆಯಲ್ಲೂ ಯಾರೋ ಎದ್ದಿರ್ತಾರೆ. ಅರ್ಧ ಗಂಟೆ ತಡವಾದರೂ ಪರವಾಗಿಲ್ಲ, ಆ ಫೋನ್ ಬರಲಿ.